ಮಿರರ್ ಹಾಕಿಕೊಂಡರೆ ಸಾಕೇ? ಕಂಟೇನರ್ ಇಮೇಜ್‌ಗಳಿಗೆ ಸ್ವಂತ ರಿಜಿಸ್ಟ್ರಿ

2025ರಲ್ಲಿ ಕಂಟೇನರ್ (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ್ದನ್ನೆಲ್ಲ ಒಂದೇ ಕಟ್ಟಾಗಿ ಓಡಿಸುವ ವ್ಯವಸ್ಥೆ) ಬಳಸುವವರನ್ನು ಮೂರು ಸುದ್ದಿಗಳು ಒಂದರ ಬೆನ್ನಿಗೊಂದು ಬಂದು ಗೊಂದಲಕ್ಕೆ ತಳ್ಳಿದವು. ಮೊದಲನೆಯದು ಡಾಕರ್ ಹಬ್‌ನದು, ಅಂದರೆ ಕಂಟೇನರ್ ಓಡಿಸಲು ಬೇಕಾದ ಇಮೇಜ್‌ಗಳನ್ನು ಇಂಟರ್ನೆಟ್‌ನಲ್ಲಿ ಹಂಚುವ ಜಾಗದ್ದು. ಲಾಗಿನ್ ಆಗದವರಿಗೆ ಗಂಟೆಗೆ 10 ಪುಲ್ (ಇಮೇಜ್ ಇಳಿಸಿಕೊಳ್ಳುವುದು) ಮಾತ್ರ ಎಂಬ ಪ್ರಕಟಣೆ ಬಂತು, ಜಾರಿಯ ದಿನಾಂಕ ಮಾರ್ಚ್ 1ರಿಂದ ಏಪ್ರಿಲ್ 1ಕ್ಕೆ ಹೋಯಿತು, ಕೊನೆಗೆ ಹಳೆಯ ಮಿತಿಯೇ ಉಳಿಯಿತು. ಎರಡನೆಯದು, ಸಿದ್ಧ ಇಮೇಜ್‌ಗಳನ್ನು ಕೊಡುವ ಬಿಟ್ನಾಮಿಯದು. ಅದರ ಒಡೆಯ ಬ್ರಾಡ್‌ಕಾಮ್ ಕಂಪನಿ, ವರ್ಷಗಳಿಂದ ಪುಕ್ಕಟೆ ಸಿಗುತ್ತಿದ್ದ ಇಮೇಜ್‌ಗಳ ಬಹುಪಾಲನ್ನು ‘ಬಿಟ್ನಾಮಿ ಲೆಗಸಿ’ ಎಂಬ ಖಾತೆಗೆ ಸರಿಸಿ, ಇನ್ನು ಅವಕ್ಕೆ ಅಪ್‌ಡೇಟ್ ಇಲ್ಲವೆಂದಿತು. ಮೂರನೆಯದು ಅಕ್ಟೋಬರ್ 20ರ ಘಟನೆ. ಅಮೆಜಾನ್‌ನ ಉತ್ತರ ವರ್ಜೀನಿಯಾ ಡೇಟಾ ಸೆಂಟರ್‌ಗಳು ಕೈಕೊಟ್ಟಾಗ ಡಾಕರ್ ಹಬ್ ಕೂಡ ನಿಂತಿತು.

ಮೂರಕ್ಕೂ ಜನ ಹೇಳಿದ ಮದ್ದು ಒಂದೇ: ‘ಸ್ವಂತ ರಿಜಿಸ್ಟ್ರಿ, ಅಂದರೆ ಇಮೇಜ್ ಇಟ್ಟುಕೊಂಡು ಕೊಡುವ ಸರ್ವರ್, ಹಾಕಿಕೊಳ್ಳಿ.’ ಆದರೆ ಇವು ಮೂರು ಬೇರೆ ಬೇರೆ ಕಾಯಿಲೆಗಳು. ಒಂದು ಎಣಿಕೆಯ ಮಿತಿ, ಇನ್ನೊಂದು ಇಮೇಜ್ ಇದ್ದ ಜಾಗದಿಂದಲೇ ಮಾಯವಾಗುವುದು, ಮತ್ತೊಂದು ಸೇವೆ ಸ್ಥಗಿತವಾಗುವುದು. ಒಂದಕ್ಕೆ ಮಾಡಿದ ವ್ಯವಸ್ಥೆ ಇನ್ನೊಂದಕ್ಕೆ ಆಗುವುದಿಲ್ಲ. ಕಾರವಾರ, ಭಟ್ಕಳದ ಕಾಲೇಜು ಲ್ಯಾಬ್‌ಗಳಿಗೂ, ಶಿರಸಿ, ಕುಮಟಾದಲ್ಲಿ ಕುಳಿತು ಸೊಸೈಟಿಗಳಿಗೆ, ಅಂಗಡಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುವ ಸಣ್ಣ ಕಚೇರಿಗಳಿಗೂ ಇದು ನೇರವಾಗಿ ತಟ್ಟುವ ವಿಷಯ.

ಇಮೇಜ್ ಎಂಬುದು ಒಂದೇ ಫೈಲ್ ಅಲ್ಲ

ಒಂದು ಪ್ರೋಗ್ರಾಂ ಓಡಲು ಬೇಕಾದ ಫೈಲ್‌ಗಳೆಲ್ಲ ಪದರ ಪದರವಾಗಿ ಸೇರಿ ಇಮೇಜ್ ಆಗುತ್ತದೆ. ಪ್ರತಿ ಪದರಕ್ಕೂ, ಅಂದರೆ ಲೇಯರ್‌ಗೂ, ಅದರ ಒಳಗಿನ ಮಾಹಿತಿಯಿಂದಲೇ ಲೆಕ್ಕಹಾಕಿದ ಎಸ್‌ಎಚ್‌ಎ-256 ಗುರುತು ಇರುತ್ತದೆ. ಇದಕ್ಕೆ ಡೈಜೆಸ್ಟ್ ಎನ್ನುತ್ತಾರೆ. ಯಾವ ಯಾವ ಲೇಯರ್ ಸೇರಿದರೆ ಈ ಇಮೇಜ್ ಎಂದು ಹೇಳುವ ಪಟ್ಟಿ ಮ್ಯಾನಿಫೆಸ್ಟ್. ‘ಪೋಸ್ಟ್‌ಗ್ರೆಸ್ 16’ ಎಂಬಂಥ ಟ್ಯಾಗ್ ಆ ಪಟ್ಟಿಯತ್ತ ಬೆರಳು ತೋರುವ ಹೆಸರಷ್ಟೇ. ಇಂದು ಅದು ತೋರಿಸುವ ಪಟ್ಟಿ ಬೇರೆ, ಮುಂದಿನ ತಿಂಗಳು ತೋರಿಸುವ ಪಟ್ಟಿ ಬೇರೆ ಇರಬಹುದು. ಡೈಜೆಸ್ಟ್ ಮಾತ್ರ ಎಂದಿಗೂ ಬದಲಾಗದು.

ಈ ಲೇಯರ್, ಮ್ಯಾನಿಫೆಸ್ಟ್‌ಗಳನ್ನು ಇಟ್ಟುಕೊಂಡು ಕೇಳಿದವರಿಗೆ ಕೊಡುವ ಸರ್ವರೇ ರಿಜಿಸ್ಟ್ರಿ. ಅದರೊಡನೆ ಮಾತನಾಡುವ ವಿಧಾನ ಓಪನ್ ಕಂಟೇನರ್ ಇನಿಶಿಯೇಟಿವ್‌ನ ಮುಕ್ತ ಮಾನದಂಡ, 1.0 ಆವೃತ್ತಿ 2021ರಲ್ಲಿ ಬಂತು. ಹಾಗಾಗಿ ಡಾಕರ್ ಹಬ್‌ನೊಂದಿಗೆ ಮಾತನಾಡುವ ಯಾವ ಸಾಧನವಾದರೂ ನಿಮ್ಮ ಮೇಜಿನ ಕೆಳಗಿನ ಪೆಟ್ಟಿಗೆಯೊಂದಿಗೂ ಮಾತನಾಡುತ್ತದೆ.

ನೂರರ ಲೆಕ್ಕ ಯಾರ ತಲೆಗೆ?

ಡಾಕರ್ ಹಬ್ 2020ರ ನವೆಂಬರ್‌ನಲ್ಲಿ ತಂದ ಮಿತಿ ಇದು: ಲಾಗಿನ್ ಇಲ್ಲದೆ 6 ಗಂಟೆಗೆ 100 ಪುಲ್, ಉಚಿತ ಖಾತೆಯಿಂದ ಲಾಗಿನ್ ಆದರೆ 200. ಮ್ಯಾನಿಫೆಸ್ಟನ್ನು ಪೂರ್ತಿ ಕೇಳಿದಾಗ ಒಂದು ಪುಲ್ ಎಂದು ಎಣಿಸುತ್ತಾರೆ. ‘ಬದಲಾಗಿದೆಯೇ’ ಎಂದು ವಿಚಾರಿಸುವ ಹೆಡ್ ಕೋರಿಕೆಗೆ ಲೆಕ್ಕವಿಲ್ಲ.

ಲಾಗಿನ್ ಇಲ್ಲದವರನ್ನು ಗುರುತಿಸುವುದು ಐಪಿ ವಿಳಾಸದಿಂದ, ನಮ್ಮ ಕಡೆಯ ತೊಡಕು ಇರುವುದೂ ಅಲ್ಲೇ. ಸಾಮಾನ್ಯ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಅನೇಕ ಕಡೆ ಪ್ರತಿ ಗ್ರಾಹಕನಿಗೂ ಸ್ವಂತ ಐಪಿವಿ4 ವಿಳಾಸ ಇರುವುದಿಲ್ಲ. ಹಲವು ಮನೆ, ಕಚೇರಿಗಳು ಒಂದೇ ವಿಳಾಸದ ಹಿಂದೆ ಕೂತಿರುತ್ತವೆ. ಯಾರೋ ಗುರುತಿಲ್ಲದವರು ಬೆಳಿಗ್ಗೆ ನೂರು ಪುಲ್ ಮುಗಿಸಿದ್ದರೆ ನಿಮ್ಮ ಮೊದಲ ಪುಲ್‌ಗೇ 429 ಎಂಬ ದೋಷ, ‘ಟೂ ಮೆನಿ ರಿಕ್ವೆಸ್ಟ್ಸ್’ ಎಂಬ ಸಾಲು ಬರುತ್ತದೆ. ಹೊಸ ಬಗೆಯ ವಿಳಾಸವಾದ ಐಪಿವಿ6 ಇದ್ದಲ್ಲಿ ಎಣಿಕೆ 64 ಬಿಟ್‌ನ ಬ್ಲಾಕ್‌ಗೆ. ಅದು ಸಾಮಾನ್ಯವಾಗಿ ನಿಮ್ಮ ಸಂಪರ್ಕಕ್ಕೆ ಮಾತ್ರ ಸೇರಿದ್ದರಿಂದ, ರೌಟರ್‌ನಲ್ಲಿ ಐಪಿವಿ6 ಆನ್ ಇದೆಯೇ ಎಂದು ನೋಡುವುದು ಖರ್ಚಿಲ್ಲದ ಮೊದಲ ಹೆಜ್ಜೆ.

ಕಾಲೇಜು ಲ್ಯಾಬ್‌ನಲ್ಲಿ ಹೊರಗಿನವರು ಬೇಕಾಗಿಯೇ ಇಲ್ಲ. 40 ಕಂಪ್ಯೂಟರ್, ಒಂದು ಅಭ್ಯಾಸಕ್ಕೆ 3 ಇಮೇಜ್ ಎಂದರೆ 120 ಪುಲ್. ಮೂವತ್ತನಾಲ್ಕನೆಯ ವಿದ್ಯಾರ್ಥಿಯ ಹೊತ್ತಿಗೆ ಬಾಗಿಲು ಮುಚ್ಚುತ್ತದೆ, ತರಗತಿ ಮುಗಿದರೂ ತೆರೆಯುವುದಿಲ್ಲ.

ಯಾರ ವಾದ ಏನು?

ಡಾಕರ್ ಕಂಪನಿಯ ವಾದಕ್ಕೆ ಬಲವಿದೆ. 2020ರಲ್ಲಿ ಅದೇ ಕೊಟ್ಟ ಲೆಕ್ಕದಂತೆ ಹಬ್‌ನಲ್ಲಿದ್ದ 15 ಪೆಟಾಬೈಟ್ ಇಮೇಜ್‌ಗಳಲ್ಲಿ 10 ಪೆಟಾಬೈಟ್‌ಗೂ ಹೆಚ್ಚಿನದನ್ನು ಆರು ತಿಂಗಳಲ್ಲಿ ಯಾರೂ ಮುಟ್ಟಿರಲಿಲ್ಲ. ಸುಮಾರು ಶೇ 30ರಷ್ಟು ಡೌನ್‌ಲೋಡ್, ಹೆಸರು ಹೇಳದೆ ಬರುವವರಲ್ಲಿ ಶೇ 1ರಷ್ಟು ಜನರಿಂದಲೇ ಆಗುತ್ತಿತ್ತು. ಡಿಸ್ಕ್‌ಗೂ ಬ್ಯಾಂಡ್‌ವಿಡ್ತ್‌ಗೂ ಯಾರಾದರೂ ದುಡ್ಡು ಕೊಡಲೇಬೇಕು.

ಎದುರು ವಾದ ನಂಬಿಕೆಯದು. 2023ರ ಮಾರ್ಚ್‌ನಲ್ಲಿ ಮುಕ್ತ ತಂತ್ರಾಂಶ ತಂಡಗಳು ಬಳಸುತ್ತಿದ್ದ ‘ಫ್ರೀ ಟೀಮ್’ ಯೋಜನೆಯನ್ನು ನಿಲ್ಲಿಸುತ್ತೇವೆಂದು ಇದೇ ಕಂಪನಿ ಹೇಳಿ, ಟೀಕೆ ಬಂದ ಮೇಲೆ ಕ್ಷಮೆ ಕೇಳಿ ಹಿಂತೆಗೆದುಕೊಂಡಿತು. ಈಗ ಬಿಟ್ನಾಮಿ. ನಿಯಮ ಯಾವಾಗ ಬದಲಾಗುತ್ತದೋ ಗೊತ್ತಿಲ್ಲದ ಜಾಗವನ್ನು ನಂಬಿ ಗ್ರಾಹಕರ ಕೆಲಸ ನಡೆಸುವುದು ಹೇಗೆ ಎಂಬುದು ಈ ಕಡೆಯವರ ಪ್ರಶ್ನೆ.

ನಡುವಿನ ದಾರಿಯವರು ‘ಲಾಗಿನ್ ಆಗಿ, ಇಲ್ಲವೇ ಹಣ ಕಟ್ಟಿ, ಅಥವಾ ಗೂಗಲ್ ಮತ್ತು ಅಮೆಜಾನ್ ಇಟ್ಟಿರುವ ಸಾರ್ವಜನಿಕ ಪ್ರತಿಗಳಿಂದ ತರಿಸಿ, ಸ್ವಂತ ಸರ್ವರ್‌ನ ಉಸಾಬರಿ ಏಕೆ’ ಎನ್ನುತ್ತಾರೆ. ಒಬ್ಬರೋ ಇಬ್ಬರೋ ಕೆಲಸ ಮಾಡುವ ಕಚೇರಿಗೆ, ಇಂಟರ್ನೆಟ್ ಗಟ್ಟಿಯಿದ್ದರೆ, ಇದೇ ಸರಿ. ಲ್ಯಾಬ್‌ಗೆ ಮತ್ತು ಗ್ರಾಹಕರ ಜಾಗದಲ್ಲಿ ಯಂತ್ರ ಇಟ್ಟಿರುವವರಿಗೆ ಇದು ಸಾಲದು. ಅವರ ತೊಂದರೆ ಮಿತಿಗಿಂತ ಹೆಚ್ಚಾಗಿ ಸಂಪರ್ಕದ್ದು.

ಕ್ಯಾಶ್ ಬೇರೆ, ದಾಸ್ತಾನು ಬೇರೆ

ಹೆಚ್ಚಿನವರು ಎಡವುವುದು ಇಲ್ಲಿ. ‘ಸ್ವಂತ ರಿಜಿಸ್ಟ್ರಿ’ ಎಂಬ ಒಂದೇ ಹೆಸರಿನಲ್ಲಿ ಎರಡು ಕೆಲಸಗಳಿವೆ.

ಒಂದು, ಪುಲ್-ಥ್ರೂ ಕ್ಯಾಶ್ ಅಥವಾ ಮಿರರ್. ಯಾರಾದರೂ ಇಮೇಜ್ ಕೇಳಿದರೆ ಅದು ಹಬ್‌ನಿಂದ ಒಮ್ಮೆ ತಂದು, ಪ್ರತಿ ಇಟ್ಟುಕೊಂಡು, ಮುಂದಿನವರಿಗೆ ತನ್ನಲ್ಲಿಂದಲೇ ಕೊಡುತ್ತದೆ. ಎರಡು, ನೀವೇ ಕೈಯಾರೆ ಇಮೇಜ್ ತುಂಬಿಸುವ ದಾಸ್ತಾನು. ಅದಕ್ಕೆ ಹೊರಗಿನ ಪರಿವೆಯೇ ಇರುವುದಿಲ್ಲ.

ಕ್ಯಾಶ್ ಎಣಿಕೆಯ ಮಿತಿಗೆ ಒಳ್ಳೆಯ ಮದ್ದು. ಹಬ್ ನಿಂತಾಗಲೂ ಹಿಂದೆ ತಂದಿಟ್ಟದ್ದನ್ನು ಕೊಡುತ್ತದೆ. ಆದರೆ ಇಮೇಜ್ ಮಾಯವಾದರೆ? ಡಿಸ್ಟ್ರಿಬ್ಯೂಷನ್ ಎಂಬ ಬಹುಬಳಕೆಯ ರಿಜಿಸ್ಟ್ರಿ ತಂತ್ರಾಂಶದಲ್ಲಿ ಕ್ಯಾಶ್‌ನ ಆಯಸ್ಸು ತಾನಾಗಿ 168 ಗಂಟೆ, ಅಂದರೆ ಏಳು ದಿನ. ಅವಧಿ ಮುಗಿದ ಪ್ರತಿಯನ್ನು ಅದು ಅಳಿಸುತ್ತದೆ. ‘ನಮ್ಮಲ್ಲಿ ಮಿರರ್ ಇದೆ’ ಎಂದು ನೆಮ್ಮದಿಯಾಗಿದ್ದವರ ಬಿಟ್ನಾಮಿ ಇಮೇಜ್ ಮೂಲದಲ್ಲಿ ಹೋದ ಮೇಲೆ ಕ್ಯಾಶ್‌ನಲ್ಲೂ ವಾರದಲ್ಲಿ ಹೋಗುತ್ತದೆ. ಆವೃತ್ತಿ 3ರಲ್ಲಿ ಈ ಅವಧಿಯನ್ನು ಸೊನ್ನೆಗೆ ಇಟ್ಟು ಅಳಿಸುವುದನ್ನು ನಿಲ್ಲಿಸಬಹುದು. ಆದರೂ ಕೇಳಿದ್ದಷ್ಟೇ ಅಲ್ಲಿರುತ್ತದೆ, ಕೇಳದಿದ್ದದ್ದು ಇರುವುದಿಲ್ಲ. ಗ್ರಾಹಕರ ಕೆಲಸಕ್ಕೆ ಬೇಕಾದ ಪ್ರತಿ ಇಮೇಜನ್ನೂ ಡೈಜೆಸ್ಟ್ ಸಮೇತ ಬರೆದಿಟ್ಟು ದಾಸ್ತಾನಿಗೆ ನಕಲು ಮಾಡುವುದೊಂದೇ ಭರವಸೆ.

ಒಂದೇ ರಿಜಿಸ್ಟ್ರಿ ಎರಡೂ ಕೆಲಸ ಮಾಡಲಿ ಎಂದರೆ ಡಿಸ್ಟ್ರಿಬ್ಯೂಷನ್‌ನಲ್ಲಿ ಆಗದು. ಕ್ಯಾಶ್ ರೂಪದಲ್ಲಿ ಓಡುವಾಗ ಅದು ಪುಶ್ (ನೀವು ಇಮೇಜ್ ಏರಿಸುವುದು) ಸ್ವೀಕರಿಸುವುದಿಲ್ಲ. ಒಂದೇ ಯಂತ್ರದಲ್ಲಿ ಎರಡು ಕಂಟೇನರ್, ಎರಡು ಪೋರ್ಟ್, ಎರಡು ಫೋಲ್ಡರ್ ಇಡಬೇಕು.

ಲ್ಯಾಬ್‌ಗೆ ಕ್ಯಾಶ್

ಹಳೆಯ ಐ3 ಡೆಸ್ಕ್‌ಟಾಪ್, 4 ಜಿಬಿ ರಾಮ್, 256 ಜಿಬಿ ಎಸ್‌ಎಸ್‌ಡಿ ಧಾರಾಳ. ರಾಸ್‌ಬೆರಿ ಪೈ ಕೂಡ ಆದೀತು, ಆದರೆ ಎಸ್‌ಡಿ ಕಾರ್ಡ್ ಮೇಲೆ ಬೇಡ. ಸದಾ ಬರೆಯುತ್ತಿದ್ದರೆ ಅದು ಬೇಗ ಹಾಳಾಗುತ್ತದೆ, ಯುಎಸ್‌ಬಿ ಎಸ್‌ಎಸ್‌ಡಿ ಹಾಕಿ.

ರಿಜಿಸ್ಟ್ರಿ ಇಮೇಜನ್ನು 5000ನೇ ಪೋರ್ಟ್‌ನಲ್ಲಿ ಓಡಿಸಿ, ಸಂರಚನೆಯ ‘ಪ್ರಾಕ್ಸಿ’ ಭಾಗದಲ್ಲಿ ರಿಮೋಟ್ ಯುಆರ್‌ಎಲ್ ಆಗಿ ಡಾಕರ್ ಹಬ್‌ನ ರಿಜಿಸ್ಟ್ರಿ ವಿಳಾಸ ಕೊಡಿ. ಉಚಿತ ಖಾತೆಯ ಹೆಸರು ಮತ್ತು ಟೋಕನ್ ಸೇರಿಸಿದರೆ ಮಿತಿ 200 ಆಗುತ್ತದೆ. ಆ ಖಾತೆಯಲ್ಲಿ ಖಾಸಗಿ ಇಮೇಜ್ ಇರಬಾರದು, ಏಕೆಂದರೆ ಕ್ಯಾಶ್ ಮುಟ್ಟಬಲ್ಲವರಿಗೆಲ್ಲ ಅವೂ ಸಿಗುತ್ತವೆ. ಆವೃತ್ತಿ 2ರಿಂದ 3ಕ್ಕೆ ಬರುವವರು ಒಂದನ್ನು ಗಮನಿಸಬೇಕು. ಸಂರಚನಾ ಫೈಲ್ ಹಿಂದೆ ‘ಡಾಕರ್/ರಿಜಿಸ್ಟ್ರಿ’ ಫೋಲ್ಡರ್‌ನಲ್ಲಿತ್ತು, ಈಗ ‘ಡಿಸ್ಟ್ರಿಬ್ಯೂಷನ್’ ಫೋಲ್ಡರ್‌ನಲ್ಲಿದೆ. ಹಳೆಯ ಜಾಗಕ್ಕೇ ಫೈಲ್ ಜೋಡಿಸಿದರೆ ಯಾವ ದೋಷವೂ ಕಾಣದೆ ನಿಮ್ಮ ಸೆಟ್ಟಿಂಗ್‌ಗಳೆಲ್ಲ ಕಡೆಗಣನೆಯಾಗುತ್ತವೆ.

ಪ್ರತಿ ವಿದ್ಯಾರ್ಥಿಯ ಯಂತ್ರದ ‘ಡೀಮನ್ ಜೇಸನ್’ ಫೈಲ್‌ನಲ್ಲಿ ‘ರಿಜಿಸ್ಟ್ರಿ-ಮಿರರ್ಸ್’ ಸಾಲಿಗೆ ಈ ವಿಳಾಸ ಬರೆಯಬೇಕು. ಎಚ್‌ಟಿಟಿಪಿಎಸ್ ಇಲ್ಲದಿದ್ದರೆ ‘ಇನ್‌ಸೆಕ್ಯೂರ್-ರಿಜಿಸ್ಟ್ರೀಸ್’ ಸಾಲಿಗೂ ಬರೆಯಬೇಕಾಗಬಹುದು. ಆ ಫೈಲ್‌ನಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಡಾಕರ್ ಏಳುವುದೇ ಇಲ್ಲ. ಮಿರರ್ ಹಿಡಿದಿದೆಯೇ ಎಂದು ‘ಡಾಕರ್ ಇನ್ಫೋ’ ಆದೇಶದಲ್ಲಿ ನೋಡಿ, ಬಳಿಕ ಕ್ಯಾಶ್‌ನ ಕ್ಯಾಟಲಾಗ್‌ನಲ್ಲಿ ಇಮೇಜ್‌ನ ಹೆಸರು ಬಂದಿದೆಯೇ ನೋಡಿ. ಎರಡನೆಯದನ್ನು ಬಿಡಬೇಡಿ: ಮಿರರ್ ಸಿಗದಿದ್ದರೆ ಡಾಕರ್ ಸದ್ದಿಲ್ಲದೆ ನೇರ ಹಬ್‌ಗೇ ಹೋಗುತ್ತದೆ, ಪುಲ್ ಯಶಸ್ವಿಯಾಯಿತೆಂದು ನೀವು ಅಂದುಕೊಳ್ಳುತ್ತೀರಿ, ಎಣಿಕೆ ಮಾತ್ರ ಏರುತ್ತಿರುತ್ತದೆ. ಈ ಮಿರರ್ ಸಾಲು ಡಾಕರ್ ಹಬ್‌ಗೆ ಮಾತ್ರ ಅನ್ವಯ. ಕ್ವೇ, ಗಿಟ್‌ಹಬ್ ರಿಜಿಸ್ಟ್ರಿಗಳಿಗೂ ಬೇಕೆಂದರೆ ಒಂದೊಂದಕ್ಕೂ ಬೇರೆ ಕ್ಯಾಶ್ ಹಾಕಿ, ಕಂಟೇನರ್ ಓಡಿಸುವ ತಂತ್ರಾಂಶವಾದ ಕಂಟೇನರ್‌ಡಿಯ ‘ಹೋಸ್ಟ್ಸ್’ ಫೈಲ್‌ಗಳಲ್ಲಿ ದಾರಿ ತೋರಿಸಬೇಕು.

ಲಾಭ ಎಷ್ಟು? ತಲಾ 1 ಜಿಬಿ ಇಮೇಜ್, 40 ಯಂತ್ರ, 50 ಎಂಬಿಪಿಎಸ್ ಸಂಪರ್ಕ. ನೇರವಾಗಿ ತರಿಸಿದರೆ 6,400 ಸೆಕೆಂಡ್, ಸುಮಾರು ಒಂದು ಮುಕ್ಕಾಲು ಗಂಟೆ. ಕ್ಯಾಶ್ ಇದ್ದರೆ ಮೊದಲ ಪ್ರತಿಗೆ 160 ಸೆಕೆಂಡ್, ಉಳಿದದ್ದು ಗಿಗಾಬಿಟ್ ಜಾಲದಲ್ಲಿ ಆರೇಳು ನಿಮಿಷ. ಆದರೆ ನಡುವೆ ಹಳೆಯ 100 ಎಂಬಿಪಿಎಸ್ ಸ್ವಿಚ್ ಇದ್ದರೆ ಇದೇ ಆರೇಳು ನಿಮಿಷ ಒಂದು ಗಂಟೆಯಾಗುತ್ತದೆ. ಸ್ವಿಚ್ ಹೊಸದಾದರೂ ಕೇಬಲ್‌ನ ನಾಲ್ಕು ಜೋಡಿ ತಂತಿಯಲ್ಲಿ ಒಂದರ ತುದಿ ಕನೆಕ್ಟರ್‌ನಲ್ಲಿ ಸರಿಯಾಗಿ ಕೂತಿರದಿದ್ದರೂ ವೇಗ 100ಕ್ಕೇ ಇಳಿಯುತ್ತದೆ. ಮೊದಲು ಕ್ಯಾಶ್ ಯಂತ್ರದ ಕೇಬಲನ್ನೇ ಪರೀಕ್ಷಿಸಿ.

ಇನ್ನೊಂದು ಸೂಕ್ಷ್ಮ. ಕ್ಯಾಶ್ ಖಾಲಿಯಿದ್ದಾಗ 40 ಜನ ಒಟ್ಟಿಗೆ ಒಂದೇ ಲೇಯರ್ ಕೇಳಿದರೆ ಅದು ಮೊದಲನೆಯವರಿಗಾಗಿ ತಂದದ್ದನ್ನು ಡಿಸ್ಕ್‌ಗೆ ಬರೆಯುತ್ತದೆ. ಬರೆದು ಮುಗಿಯುವ ಮೊದಲೇ ಕೇಳಿದ ಉಳಿದವರಿಗಾಗಿ ಪ್ರತಿ ಬಾರಿಯೂ ಹೊರಗಿನಿಂದಲೇ ತರುತ್ತದೆ. ಕ್ಯಾಶ್ ಇದ್ದೂ ಇಂಟರ್ನೆಟ್ ಕಟ್ಟಿಕೊಳ್ಳುವುದು ಈ ಕಾರಣಕ್ಕೆ. ತರಗತಿಗೆ ಅರ್ಧ ಗಂಟೆ ಮೊದಲು ಒಂದು ಯಂತ್ರದಿಂದ ಎಲ್ಲ ಇಮೇಜ್ ಒಮ್ಮೆ ಪುಲ್ ಮಾಡಿಟ್ಟರೆ ಇದು ತಪ್ಪುತ್ತದೆ.

ಸ್ವಂತ ದಾಸ್ತಾನು ಹಾಕುವಾಗ

ಇಲ್ಲಿ ಎಚ್‌ಟಿಟಿಪಿಎಸ್ ಬಿಡುವಂತಿಲ್ಲ. ಪಾಸ್‌ವರ್ಡ್ ಜಾಲದಲ್ಲಿ ಬಯಲಾಗಿ ಹರಿಯಬಾರದು. ಅದೂ ಅಲ್ಲದೆ ಲೋಕಲ್‌ಹೋಸ್ಟ್ ಹೊರತು ಬೇರೆ ವಿಳಾಸಕ್ಕೆ ಎಚ್‌ಟಿಟಿಪಿಯಲ್ಲಿ ಮಾತನಾಡಲು ಡಾಕರ್ ತಾನಾಗಿ ಒಪ್ಪುವುದಿಲ್ಲ. ಎಚ್‌ಟಿಟಿಪಿಎಸ್‌ಗೆ ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಪುಕ್ಕಟೆ, ಆಯಸ್ಸು 90 ದಿನ. ಹಂಚಿಕೆಯ ಐಪಿ ಹಿಂದೆ ಕೂತವರಿಗೆ 80ನೇ ಪೋರ್ಟ್ ಮೂಲಕದ ಪರಿಶೀಲನೆ ನಡೆಯದು, ಹೊರಗಿನ ಕೋರಿಕೆ ನಿಮ್ಮ ರೌಟರ್‌ವರೆಗೆ ಬರುವುದೇ ಇಲ್ಲ. ಡಿಎನ್‌ಎಸ್ ದಾಖಲೆ ಸೇರಿಸುವ ವಿಧಾನ ಬಳಸಿ, ಅದಕ್ಕೆ ಯಾವ ಪೋರ್ಟೂ ತೆರೆಯಬೇಕಿಲ್ಲ. ನವೀಕರಣವನ್ನು ಸ್ವಯಂಚಾಲಿತ ಮಾಡಿ.

ಬಳಕೆದಾರರ ಪಾಸ್‌ವರ್ಡ್ ಫೈಲ್ ಬಿಕ್ರಿಪ್ಟ್ ರೂಪದಲ್ಲೇ ಇರಬೇಕು, ಬೇರೆ ರೂಪವನ್ನು ಡಿಸ್ಟ್ರಿಬ್ಯೂಷನ್ ಒಪ್ಪುವುದಿಲ್ಲ. ಪಾಸ್‌ವರ್ಡ್ ಸರಿಯಿದ್ದರೂ 401 ಬರುತ್ತಿದ್ದರೆ ಮೊದಲು ಅದನ್ನು ನೋಡಿ.

ರಿಜಿಸ್ಟ್ರಿಯ ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇಟ್ಟವರಿಗೆ ಮೊದಲ ದಿನವೇ ಸಿಗುವ ದೋಷ 413. ಕೋರಿಕೆಯ ಗಾತ್ರಕ್ಕೆ ಅದರ ಮೂಲ ಮಿತಿ 1 ಎಂಬಿ, ಲೇಯರ್‌ಗಳೋ ನೂರಾರು ಎಂಬಿ. ಆ ಮಿತಿಯನ್ನು 0 ಮಾಡಬೇಕು. ಮೂಲ ಕೋರಿಕೆ ಎಚ್‌ಟಿಟಿಪಿಎಸ್‌ನಲ್ಲಿ ಬಂತೆಂದು ತಿಳಿಸುವ ‘ಎಕ್ಸ್-ಫಾರ್ವರ್ಡೆಡ್-ಪ್ರೋಟೊ’ ಹೆಡರ್ ಮರೆತರೆ ಲಾಗಿನ್ ಆಗುತ್ತದೆ, ಪುಲ್ ಆಗುತ್ತದೆ, ಪುಶ್ ಮಾತ್ರ ನಡುವೆ ಸಾಯುತ್ತದೆ: ಅಪ್‌ಲೋಡ್‌ನ ಮುಂದಿನ ವಿಳಾಸವನ್ನು ರಿಜಿಸ್ಟ್ರಿ ಎಚ್‌ಟಿಟಿಪಿ ಎಂದೇ ಹೇಳಿಬಿಡುತ್ತದೆ. ಕ್ಲೌಡ್‌ಫ್ಲೇರ್‌ನ ಉಚಿತ ಪ್ರಾಕ್ಸಿ ಮೂಲಕ ತೆರೆದವರಿಗೂ 413 ಬರಬಹುದು. ಅಲ್ಲಿ ಒಂದು ಕೋರಿಕೆಗೆ 100 ಎಂಬಿ ಗರಿಷ್ಠ, ನಿಮ್ಮ ಎಂಜಿನ್‌ಎಕ್ಸ್ ತಿದ್ದಿದರೆ ಅದು ಬಗೆಹರಿಯದು.

ಹಬ್‌ನ ಇಮೇಜನ್ನು ದಾಸ್ತಾನಿಗೆ ತರುವಾಗ ಪುಲ್, ಟ್ಯಾಗ್, ಪುಶ್ ಎಂಬ ರೂಢಿಯ ದಾರಿಯಲ್ಲಿ ನಿಮ್ಮ ಯಂತ್ರದ ಪ್ರೊಸೆಸರ್‌ಗೆ ಹೊಂದುವ ಪ್ರತಿಯಷ್ಟೇ ಬರುವುದು ಸಾಮಾನ್ಯ. ಇಂಟೆಲ್ ಲ್ಯಾಪ್‌ಟಾಪ್‌ನಿಂದ ತಂದದ್ದನ್ನು ಗ್ರಾಹಕರ ಅಂಗಡಿಯ ರಾಸ್‌ಬೆರಿ ಪೈಗೆ ಹಾಕಿದರೆ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಬರುವುದು ಹೀಗೆ. ಸ್ಕೋಪಿಯೋ ಎಂಬ ಸಾಧನದ ನಕಲು ಆದೇಶಕ್ಕೆ ‘ಆಲ್’ ಆಯ್ಕೆ ಕೊಟ್ಟರೆ ಎಲ್ಲ ಪ್ರೊಸೆಸರ್‌ಗಳ ಪ್ರತಿಗಳೂ ಮೂಲ ಡೈಜೆಸ್ಟ್ ಸಮೇತ ಬರುತ್ತವೆ.

ಅಳಿಸಿದರೂ ಖಾಲಿಯಾಗದ ಡಿಸ್ಕ್

ದಾಸ್ತಾನು ಇಟ್ಟವರನ್ನು ಆರು ತಿಂಗಳ ಮೇಲೆ ಕಾಡುವುದು ಇದು. ದಿನಕ್ಕೆ 10 ಬಿಲ್ಡ್ (ಹೊಸದಾಗಿ ಇಮೇಜ್ ಕಟ್ಟುವುದು), ಪ್ರತಿ ಬಾರಿ ಬದಲಾಗುವುದು 30 ಎಂಬಿ ಲೇಯರ್ ಎಂದರೆ ತಿಂಗಳಿಗೆ 9 ಜಿಬಿ, ಸಹಿಸಬಹುದು. ಅದೇ ಇಮೇಜ್ ಕಟ್ಟುವ ಸೂಚನೆಗಳಿರುವ ಡಾಕರ್‌ಫೈಲ್‌ನಲ್ಲಿ ನಿಮ್ಮ ಕೋಡ್ ನಕಲು ಮಾಡುವ ಸಾಲು ಲೈಬ್ರರಿ ಹಾಕುವ ಸಾಲಿಗಿಂತ ಮೇಲಿದ್ದರೆ, ಒಂದು ಅಕ್ಷರ ತಿದ್ದಿದರೂ 400 ಎಂಬಿ ಲೈಬ್ರರಿ ಲೇಯರ್ ಹೊಸದಾಗಿ ಹುಟ್ಟುತ್ತದೆ. ದಿನಕ್ಕೆ 4 ಜಿಬಿ, ತಿಂಗಳಿಗೆ 120 ಜಿಬಿ. ದೊಡ್ಡ ಡಿಸ್ಕ್ ಕೊಳ್ಳುವ ಮೊದಲು ಆ ಎರಡು ಸಾಲುಗಳ ಜಾಗ ಅದಲುಬದಲು ಮಾಡಿ.

ಹಳೆಯ ಇಮೇಜ್ ಅಳಿಸಲು ಮೊದಲು ಸಂರಚನೆಯಲ್ಲಿ ಅಳಿಸುವ ಅನುಮತಿ ತೆರೆಯಬೇಕು, ಅದು ತಾನಾಗಿ ಮುಚ್ಚಿರುತ್ತದೆ. ಅಳಿಸಿದರೂ ಹೋಗುವುದು ಮ್ಯಾನಿಫೆಸ್ಟ್ ಮಾತ್ರ. ಅದೇ ಲೇಯರ್ ಇನ್ನೊಂದು ಇಮೇಜ್‌ಗೂ ಬೇಕಿರಬಹುದಾದ್ದರಿಂದ ಲೇಯರ್‌ಗಳು ಡಿಸ್ಕ್‌ನಲ್ಲೇ ಉಳಿಯುತ್ತವೆ. ಯಾರಿಗೂ ಬೇಡವಾದವನ್ನು ಹುಡುಕಿ ತೆಗೆಯಲು ‘ಗಾರ್ಬೇಜ್ ಕಲೆಕ್ಟ್’ ಆದೇಶ ಬೇರೆಯಾಗಿ ಓಡಿಸಬೇಕು. ಅದು ಓಡುವಾಗ ಯಾರೂ ಪುಶ್ ಮಾಡಬಾರದು. ಅರ್ಧ ಏರಿದ ಇಮೇಜ್‌ನ ಲೇಯರ್‌ಗೆ ಇನ್ನೂ ಮ್ಯಾನಿಫೆಸ್ಟ್ ಇರುವುದಿಲ್ಲವಲ್ಲ, ಅದನ್ನೂ ಕಸವೆಂದು ಎತ್ತಿಬಿಡುತ್ತದೆ. ರಿಜಿಸ್ಟ್ರಿಯನ್ನು ಓದುವುದಕ್ಕೆ ಮಾತ್ರ ಎಂಬ ಸ್ಥಿತಿಗೆ ತಂದು, ‘ಡ್ರೈ ರನ್’ ಆಯ್ಕೆಯಲ್ಲಿ ಏನೇನು ಹೋಗಲಿದೆ ಎಂದು ಓದಿ, ಆಮೇಲೆ ಓಡಿಸಿ. ಮುಗಿದ ಮೇಲೆ ರಿಜಿಸ್ಟ್ರಿಯನ್ನು ರೀಸ್ಟಾರ್ಟ್ ಮಾಡುವುದು ಕಡ್ಡಾಯ. ಇಲ್ಲದಿದ್ದರೆ ಅಳಿದ ಲೇಯರ್ ಇನ್ನೂ ಇದೆಯೆಂದು ಅದರ ನೆನಪಿನಲ್ಲಿ ಉಳಿದು, ಮುಂದಿನ ಪುಶ್‌ಗೆ ‘ಆಗಲೇ ಇದೆ’ ಎಂದು ಉತ್ತರಿಸುತ್ತದೆ. ಪುಲ್ ಮಾಡಿದಾಗಷ್ಟೇ ಬಣ್ಣ ಬಯಲಾಗುವುದು.

ಇದೆಲ್ಲ ಕೈಯಲ್ಲಿ ಮಾಡುವುದು ಬೇಡ ಎನ್ನುವವರಿಗೆ ಹಾರ್ಬರ್ ಎಂಬ ರಿಜಿಸ್ಟ್ರಿ ತಂತ್ರಾಂಶ ಇದೆ. ಬಳಕೆದಾರರ ಪಾತ್ರಗಳು, ದೋಷಗಳ ತಪಾಸಣೆ, ಹಳೆಯದನ್ನು ತೆಗೆಯುವ ನಿಯಮ, ಕ್ಯಾಶ್ ಎಲ್ಲವೂ ಒಂದೇ ಕಡೆ. ಆದರೆ ಅದು ಕನಿಷ್ಠ 2 ಸಿಪಿಯು, 4 ಜಿಬಿ ರಾಮ್, 40 ಜಿಬಿ ಡಿಸ್ಕ್ ಕೇಳುತ್ತದೆ, ಒಳಗೆ ಹಲವು ಕಂಟೇನರ್‌ಗಳು ಓಡುತ್ತವೆ, ಪ್ರತಿ ಅಪ್‌ಗ್ರೇಡ್ ಒಂದು ಕೆಲಸವೇ. ಐದಾರು ಜನರ ಕಚೇರಿಗೆ ಇದು ಹೆಚ್ಚಾಯಿತು ಎನ್ನುವುದು ನನ್ನ ಅಭಿಪ್ರಾಯ. ಕೋಡ್ ಇಡಲು ಗಿಟೀ ಅಥವಾ ಫೋರ್ಜಿಯೋ ಆಗಲೇ ಬಳಸುತ್ತಿದ್ದರೆ ಅವುಗಳೊಳಗೇ ಕಂಟೇನರ್ ರಿಜಿಸ್ಟ್ರಿ ಇದೆ, ಅದೇ ಸಾಕು.

ಮಳೆ, ಉಪ್ಪುಗಾಳಿ, ಕರೆಂಟ್

ಪುಶ್ ನಡೆಯುತ್ತಿರುವಾಗ ಕರೆಂಟ್ ಹೋದರೆ ಡಿಸ್ಕ್‌ನಲ್ಲಿ ಸೊನ್ನೆ ಗಾತ್ರದ ಫೈಲ್ ಉಳಿಯುವ ಅಪಾಯವಿದೆ. ರಿಜಿಸ್ಟ್ರಿ ಅದನ್ನೂ ಲೇಯರ್ ಎಂದೇ ನಂಬುತ್ತದೆ, ಪುಲ್ ಮಾಡಿದವರಿಗೆ ಡೈಜೆಸ್ಟ್ ಹೊಂದುವುದಿಲ್ಲ. ಮನೆಯ ಇನ್ವರ್ಟರ್ ಬದಲಾಗುವ ಆ ಕ್ಷಣವೂ ಕೆಲವು ಕಂಪ್ಯೂಟರ್‌ಗಳನ್ನು ಆರಿಸುತ್ತದೆ, ಹಾಗಾಗಿ ಸಣ್ಣದಾದರೂ ಯುಪಿಎಸ್ ಬೇಕು, ರೌಟರ್ ಮತ್ತು ಸ್ವಿಚ್‌ಗೂ ಅದರಿಂದಲೇ ವಿದ್ಯುತ್ ಕೊಡಿ. ಬಯೋಸ್‌ನಲ್ಲಿ ಕರೆಂಟ್ ಬಂದಾಗ ತಾನೇ ಆನ್ ಆಗುವ ಆಯ್ಕೆ ಹಾಕಿ.

ಕಾರವಾರ, ಅಂಕೋಲಾ, ಹೊನ್ನಾವರದಲ್ಲಿ ಕಡಲಿನ ಕಡೆಯ ಕಿಟಕಿ ಪಕ್ಕ ಸರ್ವರ್ ಇಡಬೇಡಿ. ತೇವದ ಜೊತೆ ಬರುವ ಉಪ್ಪು ರಾಮ್‌ನ ಮತ್ತು ಕೇಬಲ್‌ಗಳ ಲೋಹದ ತುದಿಗಳನ್ನು ತಿನ್ನುತ್ತದೆ. ಫ್ಯಾನ್ ಇಲ್ಲದ ಪೆಟ್ಟಿಗೆ ಆರಿಸಿದರೆ ಒಳಗೆ ಎಳೆಯುವ ಗಾಳಿಯೇ ಕಡಿಮೆ. ಮಳೆಗಾಲದಲ್ಲಿ ಯಂತ್ರ ಸದಾ ಚಾಲೂ ಇದ್ದರೆ ಬೆಚ್ಚಗಿದ್ದು ಒಳಗೆ ತೇವ ಕಟ್ಟುವುದಿಲ್ಲ, ತಿಂಗಳುಗಟ್ಟಲೆ ಆರಿಸಿಡುವುದೇ ಹೆಚ್ಚು ಅಪಾಯ. ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟು 2019ರಲ್ಲೂ 2021ರಲ್ಲೂ ಕಾಳಿ ದಂಡೆಯ ಮನೆಗಳಿಗೆ ನೀರು ನುಗ್ಗಿತ್ತು. ಹೊಳೆಬದಿಯ ಕಚೇರಿಯಾದರೆ ಸರ್ವರ್ ಮಾಳಿಗೆಯಲ್ಲಿರಲಿ.

ಬ್ಯಾಕಪ್‌ನ ಒಂದು ಪ್ರತಿ ಘಟ್ಟದ ಇನ್ನೊಂದು ಬದಿಯಲ್ಲಿರಲಿ: ಸರ್ವರ್ ಕರಾವಳಿಯಲ್ಲಿದ್ದರೆ ಪ್ರತಿ ಶಿರಸಿಯಲ್ಲಿ, ಶಿರಸಿಯಲ್ಲಿದ್ದರೆ ಕರಾವಳಿಯಲ್ಲಿ. ಡಿಸ್ಕ್ ಹೊತ್ತುಕೊಂಡು ಹೋಗುವ ಯೋಜನೆ ಮಾತ್ರ ಬೇಡ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಎನ್‌ಎಚ್-66 ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಗಾರ್ಬೇಜ್ ಕಲೆಕ್ಟ್ ಆದ ಮೇಲೆ, ಇನ್ನೂ ಓದುವುದಕ್ಕೆ ಮಾತ್ರ ಇರುವಾಗಲೇ, ಫೈಲ್ ನಕಲಿಸುವ ಸಾಧನವಾದ ಆರ್‌ಸಿಂಕ್‌ನಿಂದ ರಾತ್ರಿ ಕಳಿಸಿ. ಲೇಯರ್‌ಗಳು ಬದಲಾಗುವುದಿಲ್ಲವಾದ್ದರಿಂದ ಮೊದಲ ಬಾರಿಯ ನಂತರ ಹೋಗುವುದು ಹೊಸದಾಗಿ ಸೇರಿದ್ದಷ್ಟೇ.

ಕೇಬಲ್ ಕಿತ್ತು ನೋಡುವ ಪರೀಕ್ಷೆ

ಹಲವು ಯಂತ್ರಗಳ ಗುಂಪಿನಲ್ಲಿ (ಕ್ಲಸ್ಟರ್) ಕಂಟೇನರ್ ನಡೆಸುವ ಕುಬರ್ನೆಟಿಸ್ ಅಥವಾ ಕೆ3ಎಸ್ ಬಳಸುವವರಿಗೆ ಇನ್ನೆರಡು ಬಲೆಗಳಿವೆ. ‘ಲೇಟೆಸ್ಟ್’ ಟ್ಯಾಗ್ ಇದ್ದರೆ ಅದು ಕಂಟೇನರ್ ಎಬ್ಬಿಸುವ ಪ್ರತಿ ಸಲವೂ ರಿಜಿಸ್ಟ್ರಿಯನ್ನು ಕೇಳುತ್ತದೆ. ಕರೆಂಟ್ ಬಂದು ಯಂತ್ರ ಎದ್ದರೂ ಫೈಬರ್ ಇನ್ನೂ ಬಂದಿರದಿದ್ದರೆ, ಇಮೇಜ್ ಡಿಸ್ಕ್‌ನಲ್ಲೇ ಇದ್ದರೂ ಅಪ್ಲಿಕೇಶನ್ ಏಳುವುದಿಲ್ಲ. ಖಚಿತ ಆವೃತ್ತಿಯ ಟ್ಯಾಗ್ ಹಾಕಿ, ಪುಲ್ ನೀತಿಯನ್ನು ‘ಇಫ್ ನಾಟ್ ಪ್ರೆಸೆಂಟ್’ ಮಾಡಿ. ಎರಡನೆಯದು, ರಿಜಿಸ್ಟ್ರಿಯನ್ನು ಅದೇ ಕ್ಲಸ್ಟರ್‌ನೊಳಗೆ ಇಟ್ಟು ಅದರ ಇಮೇಜನ್ನೂ ಅದರೊಳಗೇ ಇಡುವುದು. ಒಮ್ಮೆ ಎಲ್ಲ ಆರಿದರೆ ಯಾವುದೂ ಮೊದಲು ಏಳಲಾರದು. ರಿಜಿಸ್ಟ್ರಿ ಕ್ಲಸ್ಟರ್‌ನ ಹೊರಗಿರಲಿ, ಅದರ ಸ್ವಂತ ಇಮೇಜ್ ‘ಡಾಕರ್ ಸೇವ್’ ಮಾಡಿದ ಟಾರ್ ಫೈಲ್ ಆಗಿ ಪೆನ್‌ಡ್ರೈವ್‌ನಲ್ಲೂ ಇರಲಿ.

ವ್ಯವಸ್ಥೆ ಸರಿಯಾಗಿದೆಯೋ ಇಲ್ಲವೋ ತಿಳಿಯಲು ಒಂದು ಖಾಲಿ ಯಂತ್ರ ಸಾಕು. ಅದರಲ್ಲಿದ್ದ ಇಮೇಜ್‌ಗಳನ್ನೆಲ್ಲ ಅಳಿಸಿ, ರೌಟರ್‌ನಿಂದ ಹೊರಗಿನ ಇಂಟರ್ನೆಟ್ ಕೇಬಲ್ ತೆಗೆದು, ಗ್ರಾಹಕರ ಅಪ್ಲಿಕೇಶನ್ ಪೂರ್ತಿಯಾಗಿ ಎಬ್ಬಿಸಿ. ‘ಇಮೇಜ್ ಪುಲ್ ಬ್ಯಾಕ್‌ಆಫ್’ ಎಂದು ನಿಂತ ಕಡೆ ದಾಸ್ತಾನಿಗೆ ಸೇರದ ಇಮೇಜ್‌ನ ಹೆಸರು ಕಾಣುತ್ತದೆ. ಕುಬರ್ನೆಟಿಸ್‌ನಲ್ಲಿ ಸುಲಭವಾಗಿ ಮರೆತುಹೋಗುವಂಥದ್ದು ‘ಪಾಝ್’ (pause) ಎಂಬ ಒಂದು ಎಂಬಿಗೂ ಚಿಕ್ಕ ಇಮೇಜ್. ಅದನ್ನು ನೀವು ಯಾವ ಫೈಲ್‌ನಲ್ಲೂ ಬರೆದಿರುವುದಿಲ್ಲ, ಆದರೆ ಪ್ರತಿ ಪಾಡ್ (ಒಟ್ಟಿಗೆ ಓಡುವ ಕಂಟೇನರ್‌ಗಳ ಗುಂಪು) ಏಳುವಾಗಲೂ ಅದು ಬೇಕು. ಅದನ್ನೂ ದಾಸ್ತಾನಿಗೆ ನಕಲು ಮಾಡಿ, ಕಂಟೇನರ್‌ಡಿಯ ಸಂರಚನೆಯಲ್ಲಿ ಹೊಸ ವಿಳಾಸ ಬರೆದು, ಮತ್ತೆ ಮೊದಲಿನಿಂದ ಎಬ್ಬಿಸಿ.